ಪಾಕುರ್ ಜಮೀನುದಾರರ ಮನೆಯ ಕೊಲೆ

ನಿಮ್ಮ ಊರಿನ ಹೊರಗೆ ಹೊಲದ ಬದುವಿನಲ್ಲೋ ಹಳೆಯ ಬೇವಿನ ಮರದ ಬುಡದಲ್ಲೋ ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಎಂಬ ಹೆಸರಿನ ಸಣ್ಣದೊಂದು ಗುಡಿ ಇದ್ದರೆ, ಅದನ್ನು ಯಾರು ಕಟ್ಟಿದರು, ಯಾಕೆ ಕಟ್ಟಿದರು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಸೋಲಾಪುರಕ್ಕೆ ಬಂತು, ಹುಬ್ಬಳ್ಳಿಗೆ ಬಂತು, 1898ರಲ್ಲಿ ಬೆಂಗಳೂರನ್ನು ಹಿಡಿಯಿತು. ಆದವಾನಿ, ರಾಯದುರ್ಗಗಳು ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯನ್ನೂ ಅದು ಬಿಡಲಿಲ್ಲ. "ಇಲಿ ಬಿತ್ತು" ಎಂಬ ಎರಡು ಮಾತು ಕಿವಿಗೆ ಬಿದ್ದರೆ ಸಾಕು, ಜನ ಮನೆಗೆ ಬೀಗ ಹಾಕಿ, ದನಕರು ಹೊಡೆದುಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕುತ್ತಿದ್ದರು. 1896ರಿಂದ 1918ರ ನಡುವೆ ಹಿಂದೂಸ್ಥಾನದಲ್ಲಿ ಈ ರೋಗಕ್ಕೆ ಬಲಿಯಾದವರು 1 ಕೋಟಿ 20 ಲಕ್ಷಕ್ಕೂ ಹೆಚ್ಚು ಜನ.

ನಮ್ಮ ಹಿರಿಯರು ಇಷ್ಟು ಹೆದರಿದ ರೋಗವನ್ನು, ಒಬ್ಬ ಮನುಷ್ಯ ತನ್ನ ತಮ್ಮನನ್ನು ಕೊಲ್ಲಲು ಹುಡುಕಿಕೊಂಡು ಹೋಗಿ ಸೀಸೆಯಲ್ಲಿ ತಂದ ಎಂದರೆ ನಂಬುವುದು ಕಷ್ಟ. ಆದರೂ ಅದು ನಡೆಯಿತು. ನಡೆದದ್ದು 1933ರಲ್ಲಿ. ಕೊಲೆಯಾದವನು ಪಾಕುರ್ ಎಂಬಲ್ಲಿನ ಜಮೀನುದಾರ ಮನೆತನದ ಹುಡುಗ.

ಪಾಕುರ್ ಕೂಡ ನಮ್ಮ ಊರುಗಳ ಹಾಗೆ ಗಡಿಯ ಊರು. ಇಂದು ಅದು ಜಾರ್ಖಂಡ್ ರಾಜ್ಯದಲ್ಲಿದೆ. ಆಗ ಬಿಹಾರ ಮತ್ತು ಒರಿಸ್ಸಾ ಪ್ರಾಂತ್ಯದ ಸಂತಾಲ ಪರಗಣ ಜಿಲ್ಲೆಯಲ್ಲಿತ್ತು. ಪಕ್ಕದಲ್ಲೇ ಬಂಗಾಳ. ಸಂತೆಗೆ ಹೋದರೆ ಬಂಗಾಳಿ, ಹಿಂದಿ, ಸಂತಾಲಿ ಮೂರೂ ಕಿವಿಗೆ ಬೀಳುತ್ತವೆ. ಅಲ್ಲಿಯ ಕರಿಕಲ್ಲಿನ ಜಲ್ಲಿಗೆ ದೂರದೂರದಲ್ಲಿ ಹೆಸರಿದೆ. 1855ರಲ್ಲಿ ಸಂತಾಲರು ಸಾಹುಕಾರರ, ಜಮೀನುದಾರರ, ಕಂಪನಿ ಸರಕಾರದ ವಿರುದ್ಧ ಎದ್ದರಲ್ಲ, ಆ ದಂಗೆಯ ಬಿಸಿ ತಾಗಿದ ಊರಿದು. ದಂಗೆ ಎದ್ದ ಮರುವರ್ಷ ಇಂಗ್ಲಿಷರು ಕಟ್ಟಿಸಿದ ದುಂಡನೆಯ ಕಾವಲುಗೋಪುರ ಅಲ್ಲಿದೆ.

ಜಮೀನುದಾರಿ ಎಂದರೆ ನಮ್ಮ ಕಡೆಯ ಅನೇಕರಿಗೆ ಸರಿಯಾದ ಅಂದಾಜು ಸಿಗಲಾರದು. ಸೋಲಾಪುರ, ಬಳ್ಳಾರಿ ಸೀಮೆಗಳಲ್ಲಿ ರೈತ ನೇರವಾಗಿ ಸರಕಾರಕ್ಕೆ ಕಂದಾಯ ಕಟ್ಟುತ್ತಿದ್ದ. ಜತ್ತಿ, ಅಕ್ಕಲಕೋಟೆಯವರಿಗೆ ಸಂಸ್ಥಾನದ ನೆನಪಿದೆ. ಬಂಗಾಳ, ಬಿಹಾರಗಳಲ್ಲಿ 1793ರ ಕಾಯಂ ಕಂದಾಯದ ಪದ್ಧತಿ ಬಂದ ಮೇಲೆ ಸರಕಾರಕ್ಕೂ ರೈತನಿಗೂ ನಡುವೆ ಜಮೀನುದಾರ ನಿಂತ. ಸರಕಾರಕ್ಕೆ ಕೊಡುವ ಮೊತ್ತ ಬೆಳೆಯುವಂತಿಲ್ಲ. ರೈತನಿಂದ ಎತ್ತುವ ಮೊತ್ತ ಮಾತ್ರ ಬೆಳೆಯುತ್ತಲೇ ಹೋಗಬಹುದು. ನಡುವೆ ಉಳಿದದ್ದೆಲ್ಲ ಮನೆಗೆ. ಹಾಗೆ ಬೆಳೆದ ಮನೆಗಳಲ್ಲಿ ಪಾಕುರ್‌ನ ಪಾಂಡೆಯವರ ಮನೆ ಒಂದು. ಇಂಥ ಮನೆಯಲ್ಲಿ ಪಾಲು ಎಂದರೆ ಎರಡು ಎಕರೆ ಹೊಲ, ಒಂದು ಬಾವಿ ಅಲ್ಲ. ಊರಿಗೆ ಊರೇ ಪಾಲಿಗೆ ಬರುತ್ತದೆ.

ಯಜಮಾನ ಪ್ರತಾಪೇಂದ್ರ ಚಂದ್ರ ಪಾಂಡೆ ತೀರಿಕೊಂಡಾಗ ಉಳಿದ ಗಂಡುಮಕ್ಕಳು ಇಬ್ಬರು. ಒಂದೇ ತಂದೆ, ತಾಯಂದಿರು ಬೇರೆ. ಹಿರಿಯವನು ಬಿನಯೇಂದ್ರ, ಕಿರಿಯವನು ಅಮರೇಂದ್ರ. ವಯಸ್ಸಿನಲ್ಲಿ ಸುಮಾರು ಹತ್ತು ವರ್ಷದ ಅಂತರ. ತಾಯಿಯಿಲ್ಲದ ಅಮರೇಂದ್ರನನ್ನು ಸಾಕಿದವಳು ರಾಣಿ ಸೂರ್ಯವತಿ ದೇವಿ; ತಂದೆಯ ಸೋದರನ ಹೆಂಡತಿ, ಗಂಡನನ್ನು ಕಳೆದುಕೊಂಡವಳು, ಮಕ್ಕಳಿಲ್ಲದವಳು. ಹುಡುಗ ಓದುವವನು, ಊರವರಿಗೆ ಬೇಕಾದವನು. ಅಣ್ಣನಿಗೆ ಕಲಕತ್ತೆಯ ರುಚಿ ಹತ್ತಿತ್ತು. ಕುಡಿತ, ನರ್ತಕಿಯರ ಸಹವಾಸ, ಕೈಬಿಚ್ಚಿ ಖರ್ಚು. ಮನೆಯ ಎಲ್ಲರಿಗೂ ಇದು ಗೊತ್ತು, ಯಾರೂ ಹೊರಗೆ ಆಡುವುದಿಲ್ಲ. ದೊಡ್ಡ ಮನೆಯ ಗುಟ್ಟು ಎಂದು ನಾವು ಹೇಳುತ್ತೇವಲ್ಲ, ಹೆಚ್ಚಿನ ಸಲ ಅದು ಇಷ್ಟೇ.

ಅಮರೇಂದ್ರ ಪ್ರಾಯಕ್ಕೆ ಬಂದು ತನ್ನ ಅರ್ಧ ಪಾಲು ಕೇಳಿದ. ಕೇಳಬಾರದ್ದೇನೂ ಅಲ್ಲ. ಆದರೆ ಅಣ್ಣನ ಖರ್ಚು ನಡೆಯುತ್ತಿದ್ದದ್ದು ಇಡೀ ಎಸ್ಟೇಟಿನ ಹುಟ್ಟುವಳಿಯಿಂದ. ತಮ್ಮ ಬದುಕಿದರೆ ಅರ್ಧ, ತಮ್ಮ ಇಲ್ಲದಿದ್ದರೆ ಪೂರ್ತಿ. ಲೆಕ್ಕ ಅಷ್ಟು ಸರಳವಾಗಿತ್ತು.

ಮೊದಲ ಪ್ರಯತ್ನ ನಡೆದದ್ದು 1932ರಲ್ಲಿ. ಅಣ್ಣ ತಮ್ಮಂದಿರು ಸುತ್ತಾಡಲು ಹೋಗಿದ್ದರು. ಆ ಕಾಲದ ಒಂದು ಬಗೆಯ ಕನ್ನಡಕ ನೀವು ಹಳೆಯ ಫೋಟೋಗಳಲ್ಲಿ ನೋಡಿರಬಹುದು. ಕಿವಿಗೆ ಕಡ್ಡಿ ಇಲ್ಲ, ಸ್ಪ್ರಿಂಗಿನ ಬಲದಿಂದ ಮೂಗಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಅಂಥ ಕನ್ನಡಕವೊಂದನ್ನು ಬಿನಯೇಂದ್ರ ತಮಾಷೆಗೆಂಬಂತೆ ತಮ್ಮನ ಮೂಗಿಗೆ ಒತ್ತಿ ಹಾಕಿದ. ಚರ್ಮ ಕಿತ್ತು ಬಂತು. ಕೆಲವು ದಿನಗಳಲ್ಲಿ ಹುಡುಗನಿಗೆ ದವಡೆ ಹಿಡಿಯಿತು: ಧನುರ್ವಾಯು. ತುಕ್ಕು ಹಿಡಿದ ಮೊಳೆ, ಕುದುರೆ ಲದ್ದಿ ಬಿದ್ದ ಮಣ್ಣು ಗಾಯಕ್ಕೆ ತಾಗಿದರೆ ಬರುವ ರೋಗ ಅದು ಎಂದು ಹಳ್ಳಿಯವರಿಗೆ ಗೊತ್ತು. ಮೂಗಿನ ಮೇಲಿನ ಗೀರಿಗೆ ಅದು ಬಂದದ್ದು ಹೇಗೆ? ಡಾಕ್ಟರು ಸೀರಮ್ ಕೊಟ್ಟು ಉಳಿಸಲು ನೋಡುತ್ತಿದ್ದಾಗ ಅಣ್ಣ ಕಲಕತ್ತೆಯಿಂದ ತನ್ನ ಕಡೆಯ ಡಾಕ್ಟರನ್ನು ಕರೆತಂದು ಚಿಕಿತ್ಸೆಯಲ್ಲಿ ಕೈ ಹಾಕಿಸಿದ. ಹುಡುಗ ಹೇಗೋ ಬದುಕಿ ಉಳಿದ.

ಇಲ್ಲಿ ಸ್ವಲ್ಪ ನಿಲ್ಲೋಣ. ಮನೆಯವರಿಗೆ ಅನುಮಾನ ಬರಲಿಲ್ಲವೇ ಎಂದು ನೀವು ಕೇಳುತ್ತೀರಿ. ಬಾರದೆ ಇರುತ್ತದೆಯೇ? ಆದರೆ ಹಿರಿಯ ಮಗನ ಮೇಲೆ ಬಾಯಿಬಿಟ್ಟು ಇಂಥ ಮಾತು ಆಡುವುದು ಹೇಗೆ? ಠಾಣೆಗೆ ಹೋದರೆ ಮನೆಯ ಮರ್ಯಾದೆ ಏನಾಯಿತು? ಸೋಲಾಪುರದ ಕಡೆಯ ವಾಡೆಯಾಗಲಿ ಕಾಸರಗೋಡಿನ ಕಡೆಯ ತರವಾಡಾಗಲಿ, ದೊಡ್ಡ ಬಾಗಿಲಿನ ಹಿಂದೆ ಈ ಮಾತು ಎಷ್ಟು ಸಲ ಕೇಳಿಬಂದಿಲ್ಲ! ಪಾಕುರ್‌ನಲ್ಲಿ ಆ ಮೌನಕ್ಕೆ ಒಂದು ಜೀವ ತೆರಬೇಕಾಯಿತು ಎಂದು ನನಗನ್ನಿಸುತ್ತದೆ.

ಅಣ್ಣನ ಜೊತೆಗಾರ ತಾರಾನಾಥ ಭಟ್ಟಾಚಾರ್ಯ ಎಂಬ ಡಾಕ್ಟರು. ರೋಗಾಣುಗಳ ವಿಷಯ ಬಲ್ಲವನು. ಆ ಮನೆಯ ಸೊತ್ತಿನಲ್ಲಿ ತಾರಾನಾಥನಿಗೆ ಪಾಲಿಲ್ಲ, ಆದರೂ ಪ್ಲೇಗಿನ ರೋಗಾಣು ಹುಡುಕಿ ಹೊರಟವನು ಅವನೇ. ಪ್ಲೇಗೇ ಏಕೆ? ಪಾಷಾಣ ಕೊಟ್ಟರೆ ಅದು ಹೆಣದಲ್ಲಿ ಉಳಿಯುತ್ತದೆ. ಕಲಕತ್ತೆಯ ಸರಕಾರಿ ರಸಾಯನ ಪರೀಕ್ಷಕರು ಆ ಕೆಲಸದಲ್ಲಿ ಪಳಗಿದವರು. ರೋಗಾಣು ಹಾಗಲ್ಲ. ಒಳಗೆ ಹೋಗಿ ತಾನೇ ಬೆಳೆಯುತ್ತದೆ, ಜ್ವರ ಬರುತ್ತದೆ, ಸತ್ತವನ ಹೆಸರಿನ ಮುಂದೆ ರೋಗದ ಹೆಸರು ಬರೆದರೆ ಮುಗಿಯಿತು.

ಆದರೆ ಪ್ಲೇಗಿನ ರೋಗಾಣು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. 1894ರಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ಹಾಂಗ್‌ಕಾಂಗಿನಲ್ಲಿ ಅದನ್ನು ಮೊದಲು ಗುರುತಿಸಿದ. 1898ರಲ್ಲಿ ಸಿಮೋ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕೆಲಸ ಮಾಡುತ್ತ, ಇಲಿಯ ಮೈಮೇಲಿನ ಚಿಗಟ ಅದನ್ನು ಹೊತ್ತು ತರುತ್ತದೆ ಎಂದು ತೋರಿಸಿದ. ಅದಕ್ಕೂ ಮೊದಲೇ, 1897ರ ಜನವರಿಯಲ್ಲಿ, ಮುಂಬಯಿಯಲ್ಲಿ ಹಾಫ್‌ಕಿನ್ ಎಂಬಾತ ಪ್ಲೇಗಿನ ಲಸಿಕೆ ತಯಾರಿಸಿ ಮೊದಲ ಚುಚ್ಚುಮದ್ದನ್ನು ತನ್ನ ಮೈಗೇ ಚುಚ್ಚಿಸಿಕೊಂಡ. ನಮ್ಮ ಅಜ್ಜ ಮುತ್ತಜ್ಜಂದಿರು ಹೆದರಿ ಹೆದರಿ ತೋಳು ಒಡ್ಡಿದ "ಪ್ಲೇಗಿನ ಸೂಜಿ" ಆತನದೇ. ಮುಂಬಯಿಯ ಪರೇಲಿನಲ್ಲಿ ಲಾಟಸಾಹೇಬರ ಹಳೆಯ ಬಂಗಲೆಯಲ್ಲಿ ಶುರುವಾದ ಆ ಪ್ರಯೋಗಶಾಲೆಗೆ 1925ರಲ್ಲಿ ಆತನದೇ ಹೆಸರಿಟ್ಟರು. ಬೆಂಕಿಯನ್ನು ಕಾಯುವ ಹಾಗೆ ಜೀವಂತ ರೋಗಾಣುಗಳನ್ನು ಅಲ್ಲಿ ಕಾಯ್ದಿಡುತ್ತಿದ್ದರು.

1932ರ ಮೇ ತಿಂಗಳಲ್ಲಿ ತಾರಾನಾಥ ಆ ಸಂಸ್ಥೆಯ ನಿರ್ದೇಶಕರನ್ನು ರೋಗಾಣು ಕಳಿಸಿರೆಂದು ಕೇಳಿದ. ಬಂಗಾಳದ ಸರ್ಜನ್ ಜನರಲ್ ಅವರ ಅನುಮತಿ ಇಲ್ಲದೆ ಕೊಡುವುದಿಲ್ಲ ಎಂಬ ಉತ್ತರ ಬಂತು. ಆಗ ಕಲಕತ್ತೆಯ ಒಬ್ಬ ವೈದ್ಯರ ಬಳಿ ಹೋಗಿ, ತಾನು ಪ್ಲೇಗಿಗೆ ಮದ್ದು ಕಂಡುಹಿಡಿದಿದ್ದೇನೆ, ಪರೀಕ್ಷೆ ಮಾಡಬೇಕು ಎಂದ. ಅವರು ನಂಬಿ ತಮ್ಮ ಪ್ರಯೋಗಶಾಲೆಯಲ್ಲಿ ಜಾಗ ಕೊಟ್ಟರು, ಮುಂಬಯಿಯಿಂದ ರೋಗಾಣುವನ್ನೂ ತರಿಸಿದರು, ಆದರೆ ಅದನ್ನು ಮುಟ್ಟಲು ಅವನಿಗೆ ಬಿಡಲಿಲ್ಲ. ಕೊನೆಗೆ ಆ ರೋಗಾಣು ಬೆಳೆಯಲೇ ಇಲ್ಲ. ಮರುವರ್ಷ ಅದೇ ವೈದ್ಯರಿಂದ ಹಾಫ್‌ಕಿನ್ ಸಂಸ್ಥೆಗೆ ಶಿಫಾರಸು ಪತ್ರ ಬರೆಸಿದ.

1933ರ ಬೇಸಗೆಯಲ್ಲಿ ಬಿನಯೇಂದ್ರ ತಾನೇ ಮುಂಬಯಿಗೆ ಹೊರಟ. ಹಿಂದೆಯೇ ತಾರಾನಾಥನೂ ಬಂದ. ಹಾಫ್‌ಕಿನ್ ಸಂಸ್ಥೆಗೆ ಸೇರಿದ ಇಬ್ಬರು ಪಶುವೈದ್ಯರಿಗೆ ಲಂಚದ ಆಸೆ ತೋರಿಸಿ ರೋಗಾಣು ಹೊರಗೆ ತರಿಸಲು ನೋಡಿದರು, ಆಗಲಿಲ್ಲ. ಜಮೀನುದಾರರ ಮಗ ಪೇಟೆಗೆ ಹೋಗಿ ಇಲಿಗಳನ್ನು ಕೊಂಡುಕೊಂಡ! ತಾವು ನಿಜವಾಗಿ ಸಂಶೋಧನೆಗೆ ಬಂದವರು ಎಂದು ಜನ ತಿಳಿಯಲಿ ಎಂದು. ಆಮೇಲೆ ಇಬ್ಬರೂ ಆರ್ಥರ್ ರೋಡಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ ಹೋದರು. ಇಂದಿನ ಕಸ್ತೂರಬಾ ಆಸ್ಪತ್ರೆಯೇ ಅದು. ಗಿರಣಿ ಕೆಲಸಕ್ಕೆಂದು ಮುಂಬಯಿ ಸೇರಿದ ಮನೆಗಳವರಿಗೆ ಆ ರಸ್ತೆಯ ಗುರುತು ಇರುತ್ತದೆ. ನನ್ನ ಗೆಳೆಯ ಡಾಕ್ಟರು, ಪ್ಲೇಗಿಗೆ ಮದ್ದು ಹುಡುಕಿದ್ದಾನೆ, ನಿಮ್ಮಲ್ಲಿ ಪರೀಕ್ಷೆ ಮಾಡಲು ಬಿಡಿ ಎಂದು ಬಿನಯೇಂದ್ರ ಕೇಳಿಕೊಂಡ. ಒಪ್ಪಿಗೆ ಸಿಕ್ಕಿತು.

ಸುಮಾರು ಐದು ದಿನ ಕಳೆಯಿತು. ಜುಲೈ 12ರಂದು ತಾರಾನಾಥ ಇದ್ದಕ್ಕಿದ್ದಂತೆ ಕೆಲಸ ಮುಗಿಯಿತೆಂದು ಹೇಳಿ, ಬಿನಯೇಂದ್ರನ ಜೊತೆ ಕಲಕತ್ತೆಯ ರೈಲು ಹತ್ತಿದ. ಅವನು ಅಲ್ಲಿ ಯಾವ ಪರೀಕ್ಷೆಯನ್ನಾದರೂ ಮಾಡಿದನೆಂಬುದಕ್ಕೆ ಮುಂದೆ ನ್ಯಾಯಾಲಯಕ್ಕೆ ಒಂದು ಸಾಕ್ಷ್ಯವೂ ಸಿಗಲಿಲ್ಲ.

ನಾಲ್ಕೂವರೆ ತಿಂಗಳು ಏನೂ ಆಗಲಿಲ್ಲ.

ನವೆಂಬರ್ 26ರಂದು ಮಧ್ಯಾಹ್ನ ಅಮರೇಂದ್ರ ತನ್ನವರ ಜೊತೆ ಪಾಕುರ್‌ಗೆ ಮರಳಲು ಹೌರಾ ನಿಲ್ದಾಣಕ್ಕೆ ಬಂದ. ಹೌರಾ ಎಂದರೆ ಕಲಕತ್ತೆಯಿಂದ ಹೂಗ್ಲಿ ನದಿ ದಾಟಿದ ಕೂಡಲೇ ಸಿಗುವ ದೊಡ್ಡ ನಿಲ್ದಾಣ. ಕರೆಯದಿದ್ದರೂ ಅಣ್ಣ ಬೀಳ್ಕೊಡಲು ಬಂದಿದ್ದ. ಪ್ಲಾಟ್‌ಫಾರಮ್ಮಿನ ನೂಕುನುಗ್ಗಲಿನಲ್ಲಿ ಖಾದಿ ಉಟ್ಟ ಗಿಡ್ಡ ಮನುಷ್ಯನೊಬ್ಬ ಹುಡುಗನ ಮೈಗೆ ಉಜ್ಜಿಕೊಂಡು ಹೋದ. ಸತ್ಯಾಗ್ರಹದ ಕಾಲ ಅದು. ಖಾದಿ ಉಟ್ಟವರು ಎಲ್ಲೆಲ್ಲೂ ಇದ್ದರು, ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡಿ ಯಾರು ನೋಡುತ್ತಾರೆ? ಬಲತೋಳಿಗೆ ಏನೋ ಚುಚ್ಚಿದಂತಾಗಿ ಅಮರೇಂದ್ರ ನಿಂತ. ಯಾರೋ ಚುಚ್ಚಿದರು ಎಂದು ಜೊತೆಯವರಿಗೆ ಹೇಳಿದ. ನೋಡುವಷ್ಟರಲ್ಲಿ ಆ ಮನುಷ್ಯ ಗುಂಪಿನಲ್ಲಿ ಕರಗಿದ್ದ.

ಪಯಣ ಬೇಡ, ಇಲ್ಲೇ ಉಳಿದು ರಕ್ತ ಪರೀಕ್ಷೆ ಮಾಡಿಸು ಎಂದು ನೆಂಟರು ಬೇಡಿಕೊಂಡರು. ಇದೇನು ದೊಡ್ಡ ವಿಷಯ ಎಂದು ಅಣ್ಣ ನಕ್ಕು ತಳ್ಳಿಹಾಕಿದ. ಹುಡುಗ ಅಣ್ಣನ ಮಾತು ಕೇಳಿದ, ಗಾಡಿ ಹತ್ತಿದ.

ಮೂರು ದಿನಕ್ಕೆ ಜ್ವರ ಹೊತ್ತು ಕಲಕತ್ತೆಗೆ ವಾಪಸು ಬಂದ. ತೋಳು ನೋಡಿದ ಡಾಕ್ಟರಿಗೆ ಇಂಜೆಕ್ಷನ್ ಸೂಜಿಯ ಗುರುತಿನಂಥದು ಕಂಡಿತು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಜ್ವರ ಏರಿತು, ಕಂಕುಳು ಊದಿತು, ಎದೆಗೆ ಇಳಿಯಿತು. ಡಿಸೆಂಬರ್ 3ರ ರಾತ್ರಿ ಪ್ರಜ್ಞೆ ತಪ್ಪಿತು. 4ರ ಬೆಳಗಿನ ಜಾವ ಪ್ರಾಣ ಹೋಯಿತು. ವಯಸ್ಸು 20. ಪ್ಲೇಗನ್ನು ಗುಣಪಡಿಸುವ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು 1943ರಲ್ಲಿ, ಇನ್ನೂ ಹತ್ತು ವರ್ಷದ ಮೇಲೆ. ಆ ದಿನಗಳಲ್ಲಿ ಡಾಕ್ಟರ ಕೈಯಲ್ಲಿ ಮಾಡುವಂಥದು ಹೆಚ್ಚೇನೂ ಇರಲಿಲ್ಲ. ನ್ಯುಮೋನಿಯಾ ಎಂದು ಕಾರಣ ಬರೆದರು.

ದೇಹ ಚಿತೆಯಲ್ಲಿ ಬೂದಿಯಾಯಿತು. ಆದರೆ ಅದಕ್ಕೆ ಮೊದಲೇ ತೆಗೆದಿದ್ದ ರಕ್ತ ಪ್ರಯೋಗಶಾಲೆಯಲ್ಲಿ ಉಳಿದಿತ್ತು. ಸಾವಿನ ನಂತರ ವರದಿ ಬಂತು. ಆ ರಕ್ತದಲ್ಲಿ ಬೆಳೆದದ್ದು ಪ್ಲೇಗಿನ ರೋಗಾಣು.

ಕೊಲೆಗಾರರ ಲೆಕ್ಕ ತಪ್ಪಿದ್ದು ಇಲ್ಲೇ. ಇದೇ ಸಾವು 1900ರಲ್ಲಿ ನಡೆದಿದ್ದರೆ ಕಲಕತ್ತೆಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. 1933ರ ಹೊತ್ತಿಗೆ ಹಿಂದಿನ ಮೂರು ವರ್ಷ ಕಲಕತ್ತೆಯಲ್ಲಿ ಪ್ಲೇಗಿನ ಒಂದು ಪ್ರಕರಣವೂ ದಾಖಲಾಗಿರಲಿಲ್ಲ. ಊರಲ್ಲಿ ಇಲಿ ಬಿದ್ದಿಲ್ಲ, ಓಣಿಯಲ್ಲಿ ಜ್ವರವಿಲ್ಲ, ಒಬ್ಬನೇ ಒಬ್ಬ ಶ್ರೀಮಂತ ಹುಡುಗನಿಗೆ ಪ್ಲೇಗು ಬಂತು ಎಂದರೆ ಯಾರು ನಂಬುತ್ತಾರೆ? ತೋಳಿಗೆ ಚುಚ್ಚಿತು, ಕಂಕುಳು ಊದಿತು. ರೋಗಾಣು ಮೈಯೊಳಗೆ ಹೊಕ್ಕ ಜಾಗಕ್ಕೆ ಹತ್ತಿರದ ಗಂಟು ಮೊದಲು ಊದುತ್ತದೆ. ಚಿಗಟ ಕಾಲಿಗೆ ಕಚ್ಚಿದರೆ ತೊಡೆಯ ಸಂದಿನಲ್ಲಿ ಗಂಟು ಏಳುವುದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದರು. ರೋಗ ಹೊರಬೀಳಲು ಸಾಮಾನ್ಯವಾಗಿ ಎರಡರಿಂದ ಆರು ದಿನ ಬೇಕು. 26ಕ್ಕೆ ಚುಚ್ಚು, 29ಕ್ಕೆ ಜ್ವರ. ದಿನಗಳೂ ಕೂಡಿ ಬಂದವು.

ಮನೆಯವರು ಕೊನೆಗೆ ಬಾಯಿ ಬಿಟ್ಟದ್ದು 1934ರ ಜನವರಿಯಲ್ಲಿ. ನೆಂಟನೊಬ್ಬ ಕಲಕತ್ತೆಯ ಪೊಲೀಸರಿಗೆ ದೂರು ಕೊಟ್ಟ. ಫೆಬ್ರವರಿಯಲ್ಲಿ ಬಿನಯೇಂದ್ರ ಮತ್ತು ತಾರಾನಾಥರ ಬಂಧನವಾಯಿತು. ಇನ್ನಿಬ್ಬರು ವೈದ್ಯರನ್ನೂ ಹಿಡಿದರು.

ಮುಂದೆ ಪೊಲೀಸರು ಮಾಡಿದ ಕೆಲಸವನ್ನು ಮೆಚ್ಚಲೇಬೇಕು. ಕಣ್ಣಾರೆ ಕಂಡ ಸಾಕ್ಷಿಯ ಹಿಂದೆ ಬೀಳದೆ ಅವರು ಕಾಗದದ ಹಿಂದೆ ಬಿದ್ದರು. ಪಯಣದ ದಾಖಲೆ, ಮುಂಬಯಿ ಹೋಟೆಲಿನ ಬಿಲ್ಲು, ಹೋಟೆಲಿನ ರಿಜಿಸ್ಟರಿನಲ್ಲಿ ಬಿನಯೇಂದ್ರನ ಕೈಬರಹ, ಪ್ರಯೋಗಶಾಲೆಗೆ ಹೋದ ಸಂದೇಶಗಳು, ಕಡೆಗೆ ಇಲಿ ಕೊಂಡ ಅಂಗಡಿಯ ರಸೀದಿ! ತಾವು ಸಂಶೋಧಕರು ಎಂದು ತೋರಿಸಿಕೊಳ್ಳಲು ಅವರು ಮಾಡಿದ್ದೆಲ್ಲವೂ ಎಲ್ಲೋ ಒಂದು ಕಡೆ ಬರೆದು ಉಳಿದಿತ್ತು. ಖಾತೆ, ಉತಾರ, ಪಟ್ಟಾ ಹಿಡಿದು ಎರಡೆರಡು ಭಾಷೆಯ ಕಚೇರಿಗಳಿಗೆ ಅಲೆದು ಅನುಭವವಿರುವ ನಮಗೆ ಹಳೆಯ ಕಾಗದದ ಬೆಲೆ ಹೇಳಿಕೊಡಬೇಕಿಲ್ಲ.

ವಿಚಾರಣೆ ಒಂಬತ್ತು ತಿಂಗಳು ನಡೆಯಿತು. ಆರೋಪಿಗಳ ಪರ ವಕೀಲರು, ಹುಡುಗನಿಗೆ ಇಲಿಯ ಚಿಗಟವೇ ಕಚ್ಚಿರಬಹುದು, ಪ್ಲೇಗು ಸಹಜವಾಗಿಯೇ ಬಂದಿರಬಹುದು ಎಂದು ವಾದಿಸಿದರು. ಕಾನೂನಿನ ಲೆಕ್ಕದಲ್ಲಿ ಅದು ತಳ್ಳಿಹಾಕುವಂಥ ವಾದವಲ್ಲ. ಸೂಜಿ ಸಿಕ್ಕಿಲ್ಲ, ಸೀಸೆ ಸಿಕ್ಕಿಲ್ಲ, ಚುಚ್ಚಿದವನು ಸಿಕ್ಕಿಲ್ಲ. ಜುಲೈಯಲ್ಲಿ ತಂದ ರೋಗಾಣು ನವೆಂಬರಿನ ತನಕ ಬದುಕೀತೇ ಎಂಬುದೂ ದೊಡ್ಡ ಪ್ರಶ್ನೆ. ಬದುಕಿಸಿ ಇಡಬಹುದಾಗಿತ್ತು, ಆ ವಿದ್ಯೆ ತಾರಾನಾಥನಿಗೆ ಗೊತ್ತಿತ್ತು ಎಂದು ನ್ಯಾಯಾಲಯ ಒಪ್ಪಿತು. ಮುಂಬಯಿಯ ಆಸ್ಪತ್ರೆಯಿಂದ ರೋಗಾಣು ಕದ್ದು, ಬಾಡಿಗೆಯವನಿಂದ ಚುಚ್ಚಿಸಿ ಕೊಲ್ಲಿಸಿದರೆಂದು ತೀರ್ಮಾನಿಸಿ 1935ರಲ್ಲಿ ಬಿನಯೇಂದ್ರನಿಗೂ ತಾರಾನಾಥನಿಗೂ ಮರಣದಂಡನೆ ವಿಧಿಸಿತು. ಉಳಿದ ಇಬ್ಬರು ವೈದ್ಯರ ಮೇಲೆ ಸಾಕ್ಷ್ಯ ಸಾಲದೆ ಬಿಡುಗಡೆಯಾಯಿತು.

ಮೇಲ್ಮನವಿ ಕಲಕತ್ತಾ ಹೈಕೋರ್ಟಿಗೆ ಹೋಯಿತು. 1936ರ ಜನವರಿಯಲ್ಲಿ ಬಂದ ತೀರ್ಪಿನಲ್ಲಿ ಅಪರಾಧ ನಿಂತಿತು, ಗಲ್ಲು ತಪ್ಪಿತು. ಇಬ್ಬರಿಗೂ ಜೀವಾವಧಿ ಕರೀನೀರಿನ ಶಿಕ್ಷೆ. ಅಪರಾಧಗಳ ಇತಿಹಾಸದಲ್ಲಿ ಇಂಥದು ಬಹುಶಃ ಇದೊಂದೇ ಇರಬೇಕು ಎಂಬ ಅರ್ಥದ ಮಾತನ್ನು ನ್ಯಾಯಾಧೀಶರು ಆಗ ಹೇಳಿದರು.

ಮೂರನೆಯವನೊಬ್ಬ ಇದ್ದ. ಬೀದಿಯ ಜನರ ನಡುವೆ ಸೂಜಿ ಹಿಡಿದು ನಡೆದವನು, ಅದರಲ್ಲಿ ಏನಿದೆಯೆಂದು ತಿಳಿದಿದ್ದನೋ, ಅಥವಾ ಕೊಟ್ಟ ಹಣಕ್ಕೆ ಒಂದು ಚುಚ್ಚು ಎಂದಷ್ಟೇ ತಿಳಿದಿದ್ದನೋ. ಕೈ ತಪ್ಪಿ ಸೂಜಿ ತನಗೇ ತಾಗಿದ್ದರೆ ಅವನ ಗತಿಯೂ ಅದೇ. ಖಾದಿ ಉಟ್ಟ ಆ ಗಿಡ್ಡ ಮನುಷ್ಯ ಯಾವ ಕಟಕಟೆಯಲ್ಲೂ ನಿಲ್ಲಲಿಲ್ಲ. 1933ರ ನವೆಂಬರ್ 26ರ ಮಧ್ಯಾಹ್ನ ಹೌರಾದ ಗುಂಪಿನೊಳಗೆ ಹೋದವನನ್ನು ಪೊಲೀಸರು ಕೊನೆಗೂ ಹಿಡಿಯಲಾಗಲಿಲ್ಲ.